ಮಗುವನ್ನು ಬಲ್ಲವರು ಮನೆಯಲ್ಲಿದ್ದಾರೆ

(ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮ ಪ್ರಾಥಮಿಕ ಶಾಲಾ ಅಧ್ಯಾಪಕರ ರಜಾಕಾಲದ ತರಬೇತಿ ಶಿಬಿರದಲ್ಲಿ ಮಾಡಿದ ಉಪನ್ಯಾಸದ ಪಠ್ಯ)



ಇಂದಿನ ಅವಧಿಗೆ ಸಂಘಟಕರು ನನಗೆ ಒಪ್ಪಿಸಿದ ವಿಷಯ ‘ಬೌದ್ಧಿಕ ಭಿನ್ನಸಾಮರ್ಥ್ಯವುಳ್ಳ ಮಕ್ಕಳ ಬೋಧನೆ’. ಅದನ್ನು ತುಸು ಪಕ್ಕಕ್ಕೆ ಸರಿಸಿ, ಆ ಮಕ್ಕಳ ಮನೆಗಳ ಕುರಿತು ಮಾತನಾಡಲು ನಾನು ಅವರಿಂದ ಅನುಮತಿ ಪಡೆದಿದ್ದೇನೆ. ಬೋಧನಾಕ್ರಮ ಮುಖ್ಯವಲ್ಲವೆಂದಲ್ಲ. ಅದನ್ನು ಬಿ.ಆರ್.ಸಿ.ಯ ವಿಶೇಷ ಅಧ್ಯಾಪಕರು ನನಗಿಂತ ಚೆನ್ನಾಗಿ ಹೇಳಬಲ್ಲರು. ನಾಳೆಯ ಅವಧಿ ಅವರದೇ. ಆದರೆ ಇಂತಹ ಮಗುವಿನ ಮನೆಯವರೊಡನೆ ನಾವು ಹೇಗೆ ಮಾತನಾಡುತ್ತೇವೆ, ಯಾವ ಭಾಷೆಯಲ್ಲಿ ಮಾತನಾಡುತ್ತೇವೆ, ಅವರು ಹೇಳಿದ್ದರಲ್ಲಿ ಎಷ್ಟನ್ನು ಕೇಳಿಸಿಕೊಳ್ಳುತ್ತೇವೆ ಎಂಬುದನ್ನು ಯಾವ ಶಿಬಿರದಲ್ಲಿಯೂ ಯಾರೂ ನನಗೆ ಕಲಿಸಲಿಲ್ಲ. ಕಲಿಸದಿದ್ದುದರ ಫಲವನ್ನು ನಾನಲ್ಲ, ಇನ್ನೊಬ್ಬರು ಉಂಡರು. ಅಲ್ಲಿಂದಲೇ ಆರಂಭಿಸುತ್ತೇನೆ.

ಮೂವತ್ತು ವರ್ಷಗಳ ಹಿಂದಿನ ಮಾತು. ನಾನು ಆಗ ಒಂದು ಪ್ರಾಥಮಿಕ ಶಾಲೆಯಲ್ಲಿ ಒಂದನೆಯ ತರಗತಿಯ ಅಧ್ಯಾಪಿಕೆ. ಜೂನ್ ತಿಂಗಳ ಮಳೆಯಲ್ಲಿ ಒಬ್ಬ ತಾಯಿ ಏಳು ವರ್ಷದ ಮಗನನ್ನು ಕರೆತಂದು ಸೇರಿಸಿದರು. ಹುಡುಗನಿಗೆ ಮಾತು ಕಡಿಮೆ, ಜೊಲ್ಲು ಸುರಿಯುತ್ತಿತ್ತು, ಬೆಂಚಿನಲ್ಲಿ ಹತ್ತು ನಿಮಿಷ ಕುಳಿತುಕೊಳ್ಳಲಾರ. ಬಣ್ಣದ ಮಣಿಗಳನ್ನು ಕೊಟ್ಟು ಕೆಂಪು ಬೇರೆ, ಹಳದಿ ಬೇರೆ ಮಾಡೆಂದರೆ ಎಲ್ಲವನ್ನೂ ಒಟ್ಟಿಗೆ ಬಾಚಿ ಅಂಗಿಯ ಮಡಿಲಿಗೆ ತುಂಬಿಕೊಳ್ಳುತ್ತಿದ್ದ. ನಾನು ಹೇಳಿದ ಯಾವ ಸೂಚನೆಯನ್ನೂ ಅವನು ಪಾಲಿಸಲಿಲ್ಲ. ಹತ್ತನೆಯ ದಿನ ಬೆಳಿಗ್ಗೆ ಶಾಲೆಯ ಜಗಲಿಯಲ್ಲಿ, ಇನ್ನಿಬ್ಬರು ರಕ್ಷಕರ ಎದುರಿನಲ್ಲಿಯೇ ಆ ತಾಯಿಗೆ ಹೇಳಿದೆ: “ಇವನನ್ನು ಇಲ್ಲಿ ಕೂರಿಸಿ ಪ್ರಯೋಜನವಿಲ್ಲ. ಇಂಥವರಿಗೆ ಬೇರೆ ಶಾಲೆ ಉಂಟು, ವಿಚಾರಿಸಿ.” ಬೇರೆ ಶಾಲೆ ಎಲ್ಲಿದೆ, ಅಲ್ಲಿಗೆ ಬಸ್ಸು ಉಂಟೇ, ಅದರ ಖರ್ಚೆಷ್ಟು ಎಂಬುದು ನನಗೂ ತಿಳಿದಿರಲಿಲ್ಲ. ಅವರು ಏನೊಂದೂ ಹೇಳದೆ ಮಗನ ಕೈ ಹಿಡಿದು ಕೊಡೆ ಬಿಡಿಸಿ ನಡೆದರು. ನಾನು ಪಾಠಕ್ಕೆ ಹೋದೆ.

ಹದಿನಾರು ವರ್ಷಗಳ ಅನಂತರ ಪೇಟೆಯ ಅಡಿಕೆ ಅಂಗಡಿಯ ಮುಂದೆ ಅವರೇ ನನ್ನನ್ನು ಗುರುತಿಸಿ ಮಾತನಾಡಿಸಿದರು. “ಟೀಚರೇ, ಆರಾಮವೇ?” ಎಂದರು. ಮಾತಿನಲ್ಲಿ ಕಹಿಯಿರಲಿಲ್ಲ. ಮಗನ ಬಗ್ಗೆ ಕೇಳಲು ನನಗೆ ಬಾಯಿ ಬರಲಿಲ್ಲ. ಅವರಾಗಿಯೇ ಮನೆಗೆ ಕರೆದರು. ಒಂದು ಆದಿತ್ಯವಾರ ಹೋದೆ. ಅಂಗಳದಲ್ಲಿ ಅಡಿಕೆಯ ರಾಶಿಯ ಪಕ್ಕ ಕುಳಿತಿದ್ದ ಇಪ್ಪತ್ತಮೂರರ ಯುವಕ ಸುಲಿದ ಅಡಿಕೆಯನ್ನು ವಿಂಗಡಿಸುತ್ತಿದ್ದ: ಒಳ್ಳೆಯ ಚಾಲಿ ಒಂದು ಕಡೆ, ಪಟೋರ ಒಂದು ಕಡೆ, ಕೋಕ ಇನ್ನೊಂದು ಕಡೆ. ಅವನ ಕೈ ಎಲ್ಲಿಯೂ ತಡೆಯುತ್ತಿರಲಿಲ್ಲ. ನಾನು ಒಂದು ಅಡಿಕೆಯನ್ನು ಬೇಕೆಂದೇ ತಪ್ಪು ರಾಶಿಗೆ ಹಾಕಿದೆ. ತಲೆಯೆತ್ತಿ ನನ್ನನ್ನೊಮ್ಮೆ ನೋಡಿ ಅದನ್ನು ತೆಗೆದು ಸರಿಯಾದ ರಾಶಿಗೆ ಎಸೆದ. ಒಂದನೆಯ ತರಗತಿಯ ಗಣಿತದಲ್ಲಿ ನಾವು ‘ವರ್ಗೀಕರಣ’ ಎಂದು ಕರೆಯುವ ಸಾಮರ್ಥ್ಯ ಇದೇ ತಾನೇ? ಮಣಿಗಳಿಂದ ನಾನು ಕಲಿಸಲಾಗದೆ ಕೈಬಿಟ್ಟದ್ದನ್ನು ಅವನ ಅಜ್ಜಿ ಅಡಿಕೆಯಿಂದ, ತುಳುವಿನಲ್ಲಿ, ಮೂರು ವರ್ಷ ಪಕ್ಕದಲ್ಲಿ ಕುಳಿತು ಕಲಿಸಿದ್ದರು. ಕಾಫಿ ಕೊಡುವಾಗ ಆ ತಾಯಿ ಹೇಳಿದ ಮಾತು ಇದು: “ಅವ ಶಾಲೆಗೆ ಬಂದದ್ದು ಒಂಬತ್ತು ದಿನ. ಆ ಚೀಲ ಈಗಲೂ ಉಂಟು, ಯಾರಿಗೂ ಮುಟ್ಲಿಕ್ಕೆ ಬಿಡುವುದಿಲ್ಲ.”

ಈ ಪ್ರಸಂಗವನ್ನು ಪಶ್ಚಾತ್ತಾಪದ ಪ್ರದರ್ಶನಕ್ಕಾಗಿ ಹೇಳುತ್ತಿಲ್ಲ. ಆ ಹತ್ತು ದಿನಗಳಲ್ಲಿ ನಾನು ಆ ತಾಯಿಗೆ ಒಂದಾದರೂ ಪ್ರಶ್ನೆ ಕೇಳಿದ್ದೆನೇ ಎಂದು ಅನಂತರ ಬಹಳ ಯೋಚಿಸಿದೆ. ಕೇಳಿರಲಿಲ್ಲ. ಹುಡುಗನಿಗೆ ಅರ್ಥವಾಗುವ ಮಾತು ಯಾವುದೆಂಬ ಸಾಮಾನ್ಯ ಪ್ರಶ್ನೆಯನ್ನೂ ಕೇಳಿರಲಿಲ್ಲ. ನಾನು ಪಠ್ಯಪುಸ್ತಕದ ಕನ್ನಡದಲ್ಲಿ ಸೂಚನೆ ಕೊಡುತ್ತಿದ್ದೆ. ಅವನು ಮನೆಯಲ್ಲಿ ಕೇಳಿದ್ದು ತುಳು ಮಾತ್ರ. ಉಳಿದ ಮಕ್ಕಳೂ ತುಳು, ಹವ್ಯಕ, ಮರಾಟಿ, ಕೊಂಕಣಿ, ಮಲಯಾಳ ಮನೆಗಳಿಂದ ಬಂದವರೇ. ಆದರೆ ಅವರು ಎರಡು ತಿಂಗಳಲ್ಲಿ ಶಾಲೆಯ ಕನ್ನಡವನ್ನು ಹಿಡಿದುಬಿಡುತ್ತಾರೆ. ಆದ್ದರಿಂದ ನಮಗೆ ಆ ಅಂತರ ಕಾಣಿಸುವುದೇ ಇಲ್ಲ. ಆ ಅಂತರವನ್ನು ತಾನಾಗಿ ದಾಟಲಾರದ ಮಗು ಬಂದಾಗ, ಭಾಷೆಯ ತೊಡಕನ್ನೂ ಬುದ್ಧಿಯ ತೊಡಕನ್ನೂ ಒಂದೇ ಲೆಕ್ಕಕ್ಕೆ ಸೇರಿಸಿಬಿಡುತ್ತೇವೆ.

ಇದು ನಮ್ಮಂತಹ ಗಡಿನಾಡಿನಲ್ಲಿ ಎಷ್ಟು ದೂರದವರೆಗೆ ಹೋಗುತ್ತದೆ ಎಂಬುದಕ್ಕೆ ಇನ್ನೊಂದು ಉದಾಹರಣೆ. ಕೆಲವು ವರ್ಷಗಳ ಹಿಂದೆ ಒಬ್ಬ ಹುಡುಗಿಯ ಪರೀಕ್ಷೆಯ ವೇಳೆ ಅವಳ ತಾಯಿಯೊಂದಿಗೆ ನಾನೂ ಇದ್ದೆ. ಪರೀಕ್ಷಕರು ಮಲಯಾಳಿಗಳು, ಸಜ್ಜನರು, ಮಗುವನ್ನು ಪ್ರೀತಿಯಿಂದಲೇ ಮಾತನಾಡಿಸಿದರು. ಚಿತ್ರಗಳ ಹಾಳೆಯನ್ನು ಮುಂದಿಟ್ಟು “ಪಶು ಎವಿಡೆ?” ಎಂದರು. ಹುಡುಗಿ ಅವರ ಕೈಗಡಿಯಾರವನ್ನು ನೋಡುತ್ತಿದ್ದಳು. ಎರಡು ಬಾರಿ ಕೇಳಿ, ಬರೆದುಕೊಂಡು ಮುಂದಕ್ಕೆ ಹೋದರು. ಆಗ ತಾಯಿ ಅಳುಕುತ್ತಲೇ ಮೆಲ್ಲನೆ “ಪೆತ್ತ ಓಲುಂಡು ಮಗಾ?” ಎಂದರು. ಹುಡುಗಿ ಥಟ್ಟನೆ ಹಸುವಿನ ಮೇಲೆ ಬೆರಳಿಟ್ಟಳು. ಪರೀಕ್ಷಕರು ನಕ್ಕು ತಾವು ಬರೆದುದನ್ನು ತಿದ್ದಿದರು. ತಾಯಿ ಮಾತನಾಡದೆ ಇರುತ್ತಿದ್ದರೆ? ಅಥವಾ ನಿಯಮವೆಂದು ಅವರನ್ನು ಹೊರಗೆ ಕೂರಿಸಿದ್ದರೆ?

ಬುದ್ಧಿಮಾಪನದ ಇತಿಹಾಸವನ್ನು ಬಲ್ಲವರಿಗೆ ಇದರಲ್ಲಿ ಒಂದು ವಿಚಿತ್ರ ತೋರದಿರದು. 1905ರಲ್ಲಿ ಫ್ರಾನ್ಸಿನಲ್ಲಿ ಆಲ್ಫ್ರೆಡ್ ಬಿನೆಯವರು ಸಿಮೋನರ ಜೊತೆಗೂಡಿ ಮೊದಲ ಮಾಪನವನ್ನು ರೂಪಿಸಿದ್ದು, ಶಾಲೆಯಲ್ಲಿ ಹೆಚ್ಚಿನ ನೆರವು ಬೇಕಾದ ಮಕ್ಕಳನ್ನು ಗುರುತಿಸುವುದಕ್ಕಾಗಿ. ಯಾರನ್ನೂ ಶಾಲೆಯಿಂದ ಹೊರಗಿಡುವುದಕ್ಕಲ್ಲ. ಬುದ್ಧಿಯು ಹೆಚ್ಚಿಸಲಾಗದ ಒಂದು ನಿಶ್ಚಿತ ಪರಿಮಾಣವೆಂಬ ಮತವನ್ನು ಅವರು ಸ್ವತಃ ವಿರೋಧಿಸಿದ್ದರು. ಅದೇ ಮಾಪನವನ್ನು 1930ರ ದಶಕದಲ್ಲಿ ಮುಂಬಯಿ ಕರ್ನಾಟಕದ ಮಕ್ಕಳಿಗಾಗಿ ವಿ.ವಿ. ಕಾಮತರು ಪರಿಷ್ಕರಿಸಿದರು. ಅದು ಸಿದ್ಧವಾದದ್ದು ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳ ಮೇಲೆ ಪ್ರಯೋಗಿಸಿ. ‘ಬಿನೆ-ಕಾಮತ್ ಪರೀಕ್ಷೆ’ ಎಂಬ ಹೆಸರಿನಲ್ಲಿ ಇಂದಿಗೂ ನಮ್ಮ ದೇಶದಲ್ಲಿ ಅದರ ಬಳಕೆಯಿದೆ. ಭಾರತದ ಮಕ್ಕಳ ಬುದ್ಧಿಯನ್ನು ಅಳೆಯುವ ಮೊದಮೊದಲ ಉಪಕರಣಗಳಲ್ಲಿ ಒಂದು ಕನ್ನಡದಲ್ಲಿ ಹುಟ್ಟಿತು. ಆದರೂ ಗಡಿಯ ಈಚೆಗಿನ ಕನ್ನಡ ಶಾಲೆಯ ಮಗು ತನಗೆ ತಿಳಿಯದ ಮಾತಿನಲ್ಲಿ ಅಳೆಯಲ್ಪಡುತ್ತಿದೆ.

ಈಗ ಶಾಸನದ ಮಾತಿಗೆ ಬರೋಣ. ಅದನ್ನು ತಿಳಿಯದೆ ಮನೆಯವರಿಗೆ ನೆರವಾಗುವುದು ಸಾಧ್ಯವಿಲ್ಲ. 2016ರ ಭಿನ್ನಸಾಮರ್ಥ್ಯದವರ ಹಕ್ಕುಗಳ ಅಧಿನಿಯಮವು 21 ಬಗೆಯ ಭಿನ್ನಸಾಮರ್ಥ್ಯಗಳನ್ನು ಹೆಸರಿಸುತ್ತದೆ. ಬೌದ್ಧಿಕ ಭಿನ್ನಸಾಮರ್ಥ್ಯವನ್ನು ಅದು ವಿವರಿಸುವಾಗ ತರ್ಕ, ಕಲಿಕೆ, ಸಮಸ್ಯೆ ಬಿಡಿಸುವಿಕೆಗಳಲ್ಲಿನ ಮಿತಿಯೊಂದನ್ನೇ ಹೇಳುವುದಿಲ್ಲ. ದಿನನಿತ್ಯದ ಬದುಕಿನಲ್ಲಿ, ಜನರೊಡನೆ ಬೆರೆಯುವುದರಲ್ಲಿ, ಕೈಕೆಲಸಗಳಲ್ಲಿ ಇರುವ ಮಿತಿಯನ್ನೂ ಸಮಾನವಾಗಿ ಹೇಳುತ್ತದೆ. ಅಂದರೆ ಮನೆಯಲ್ಲಿ ಮಗು ಹೇಗಿದೆ ಎಂಬುದು ಶಾಸನದ ದೃಷ್ಟಿಯಲ್ಲಿಯೂ ಅರ್ಧ ಭಾಗ. ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚೆಂದು ಪ್ರಮಾಣಿತವಾದ ಮಗುವಿಗೆ 6ರಿಂದ 18 ವರ್ಷದವರೆಗೆ ನೆರೆಯ ಶಾಲೆಯಲ್ಲಾಗಲಿ, ತನ್ನ ಆಯ್ಕೆಯ ವಿಶೇಷ ಶಾಲೆಯಲ್ಲಾಗಲಿ ಉಚಿತವಾಗಿ ಕಲಿಯುವ ಹಕ್ಕಿದೆ. ‘ಆಯ್ಕೆ’ ಎಂಬ ಪದವನ್ನು ಗಮನಿಸಬೇಕು. ಜಗಲಿಯಲ್ಲಿ ನಿಂತು ನಾನು ಮಾಡಿದ ಆಯ್ಕೆ ಮಗುವಿನದೂ ಆಗಿರಲಿಲ್ಲ, ತಾಯಿಯದೂ ಆಗಿರಲಿಲ್ಲ.

ಈ ಶೇಕಡಾವಾರು ಹೇಗೆ ನಿರ್ಣಯವಾಗುತ್ತದೆ ಎಂಬುದು ಬಹು ಮಂದಿ ಅಧ್ಯಾಪಕರಿಗೆ ತಿಳಿದಿಲ್ಲ. 2018ರಲ್ಲಿ ಕೇಂದ್ರ ಸರಕಾರ ಹೊರಡಿಸಿದ ಮಾರ್ಗಸೂಚಿಯಂತೆ ವೈನ್‌ಲ್ಯಾಂಡ್ ಸಾಮಾಜಿಕ ಪರಿಪಕ್ವತಾ ಮಾಪನದ ಅಂಕವೇ ಅದಕ್ಕೆ ಆಧಾರವಾಗಿತ್ತು. ಆಗ ಅಂಕ 55ರಿಂದ 69ರೊಳಗೆ ಇದ್ದರೆ ಶೇಕಡಾ 50. 36ರಿಂದ 54ರೊಳಗೆ ಇದ್ದರೆ ಶೇಕಡಾ 75. 70ರಿಂದ 84ರೊಳಗಾದರೆ ಶೇಕಡಾ 25 ಮಾತ್ರ, ಅಂದರೆ ಸೌಲಭ್ಯದ ಗೆರೆಯಿಂದ ಹೊರಗೆ. ಈ ಮಾಪನದಲ್ಲಿ ಮುಖ್ಯವಾಗಿ ಉತ್ತರಿಸುವವರು ಮಗುವನ್ನು ನೋಡಿಕೊಳ್ಳುವವರು, ಹೆಚ್ಚಾಗಿ ತಾಯಿ. ಮಗು ತಾನಾಗಿ ಉಣ್ಣುತ್ತದೆಯೇ, ಗುಂಡಿ ಹಾಕಿಕೊಳ್ಳುತ್ತದೆಯೇ, ನೆರೆಮನೆಗೆ ಒಂಟಿಯಾಗಿ ಹೋಗಿ ಬರುತ್ತದೆಯೇ, ಚಿಕ್ಕಪುಟ್ಟ ಕೆಲಸ ಮಾಡುತ್ತದೆಯೇ ಎಂಬಂತಹ ಪ್ರಶ್ನೆಗಳು. ಮಗುವಿನ ಮುಂದಿನ ಹಲವು ವರ್ಷಗಳ ಪಿಂಚಣಿ, ವಿದ್ಯಾರ್ಥಿವೇತನ, ಪರೀಕ್ಷಾ ರಿಯಾಯಿತಿಗಳು ತಾಯಿಯ ಅರ್ಧ ಗಂಟೆಯ ಮಾತಿನ ಮೇಲೆ ನಿಂತಿರುತ್ತವೆ.

ಆ ಅರ್ಧ ಗಂಟೆಯಲ್ಲಿ ಏನಾಗುತ್ತದೆಂದು ನಾನು ಕಂಡಿದ್ದೇನೆ. ಒಬ್ಬ ತಾಯಿಗೆ “ತಾನಾಗಿ ಉಣ್ಣುತ್ತಾನೆಯೇ?” ಎಂಬ ಪ್ರಶ್ನೆ ಬಂತು. “ಹೌದು” ಎಂದರು. ಹೊರಗೆ ಬಂದ ಮೇಲೆ ನಾನು ಕೇಳಿದೆ: “ಅನ್ನ ಯಾರು ಕಲಸುವುದು?” “ನಾನೇ.” “ತುತ್ತು?” “ಅದೂ ನಾನೇ ಮಾಡಿ ಕೈಯಲ್ಲಿ ಕೊಡುವುದು. ಬಾಯಿಗೆ ಅವನೇ ಹಾಕ್ತಾನೆ.” ಹಾಗಾದರೆ ಹೌದೆಂದು ಏಕೆ ಹೇಳಿದಿರಿ ಎಂದುದಕ್ಕೆ ಅವರು ಸುಮ್ಮನಿದ್ದು, “ದೊಡ್ಡವರ ಎದುರು ನನ್ನ ಮಗನಿಗೆ ಉಣ್ಲಿಕ್ಕೂ ಬರುವುದಿಲ್ಲ ಅಂತ ಹೇಗೆ ಹೇಳುವುದು ಟೀಚರೇ?” ಎಂದರು. ಏಳು ವರ್ಷ ನೆಂಟರಿಷ್ಟರ ಮುಂದೆ, ನೆರೆಹೊರೆಯ ಮುಂದೆ ಮಗನನ್ನು ಕಾಪಾಡಿಕೊಂಡು ಬಂದ ನಾಲಗೆ, ವೈದ್ಯಕೀಯ ಮಂಡಳಿಯ ಮುಂದೆ ಏಕಾಏಕಿ ಅವನನ್ನು ಬಿಟ್ಟುಕೊಡುವುದಾದರೂ ಹೇಗೆ? ಇದಕ್ಕೆ ವಿರುದ್ಧವಾದ ತಾಯಂದಿರೂ ಇದ್ದಾರೆ. ಎಲ್ಲವನ್ನೂ ತಾವೇ ಮಾಡಿಕೊಡುವುದರಿಂದ ಮಗುವಿಗೆ ಏನು ಬರುತ್ತದೆಂದು ಅವರಿಗೇ ತಿಳಿದಿರುವುದಿಲ್ಲ. ಎಲ್ಲಕ್ಕೂ “ಬರುವುದಿಲ್ಲ” ಎನ್ನುತ್ತಾರೆ. ಎರಡೂ ಸುಳ್ಳಲ್ಲ. ಎರಡರಲ್ಲಿಯೂ ಮಗುವಿನ ನಿಜವಾದ ಚಿತ್ರ ಬರುವುದಿಲ್ಲ, ಅಷ್ಟೇ. ಇದರ ಮೇಲೆ ಪ್ರಶ್ನೆ ಒಂದು ಭಾಷೆಯಲ್ಲಿ, ಉತ್ತರ ಇನ್ನೊಂದರಲ್ಲಿ, ನಡುವೆ ಅರ್ಥಮಾಡಿ ಹೇಳುವವರು ವರಾಂಡದಲ್ಲಿ ಸಿಕ್ಕಿದ ಯಾರೋ ಒಬ್ಬರು.

ಇಲ್ಲಿ ತರಗತಿಯ ಅಧ್ಯಾಪಕರಿಗೆ ಒಂದು ಕೆಲಸವಿದೆ. ಅದಕ್ಕೆ ವಿಶೇಷ ಪದವಿ ಬೇಡ. ತಪಾಸಣೆಗೆ ಹೋಗುವ ಮೊದಲು ಒಂದು ಸಂಜೆ ಆ ಮನೆಗೆ ಹೋಗಿ ಕುಳಿತು, ಮಗು ದಿನವೊಂದನ್ನು ಹೇಗೆ ಕಳೆಯುತ್ತದೆಂದು ಏಳುವುದರಿಂದ ಮಲಗುವವರೆಗೆ ಕೇಳಿರಿ. ‘ಬರುತ್ತದೆ’, ‘ಬರುವುದಿಲ್ಲ’ ಎಂಬ ಉತ್ತರದಲ್ಲಿ ನಿಲ್ಲದೆ, ಯಾರು ಎಷ್ಟು ಸಹಾಯ ಮಾಡಿದರೆ ಬರುತ್ತದೆಂದು ತಿಳಿದುಕೊಳ್ಳಿರಿ. ಹಲ್ಲುಜ್ಜುವುದಾದರೆ ಪೇಸ್ಟು ಹಾಕಿ ಕೊಡಬೇಕೇ, ಕೈ ಹಿಡಿದು ಉಜ್ಜಿಸಬೇಕೇ, ಬರಿದೇ ನೆನಪಿಸಿದರೆ ಸಾಕೇ? ಈ ಮೂರರ ನಡುವೆ ಬಹಳ ಅಂತರವಿದೆ. ಮಗುವಿಗೆ ಅರ್ಥವಾಗುವ ಭಾಷೆ ಯಾವುದು, ಅದು ಆಡುವ ಮಾತುಗಳು ಯಾವುವು, ಮನೆಯಲ್ಲಿ ಯಾರ ಮಾತನ್ನು ಕೇಳುತ್ತದೆ ಎಂಬುದನ್ನೂ ಸೇರಿಸಿ ಒಂದು ಪುಟ ಬರೆಯಿರಿ; ಸಾಧ್ಯವಾದರೆ ಮಲಯಾಳ ಬಲ್ಲ ಸಹೋದ್ಯೋಗಿಯಿಂದ ಅದರ ಭಾಷಾಂತರವನ್ನೂ ಜೋಡಿಸಿರಿ. ಅದನ್ನು ತಾಯಿಗೆ ಓದಿ ಹೇಳಿ, ಅವರು ಒಪ್ಪಿದ ಮೇಲೆ ಅವರ ಕೈಯಲ್ಲಿಯೇ ಕೊಡಿರಿ. ಆ ಕಾಗದ ವೈದ್ಯರ ನಿರ್ಣಯವನ್ನು ಬದಲಿಸುವುದಕ್ಕಲ್ಲ. ತಾಯಿಯ ಮಾತು ತಡೆದಲ್ಲಿ ಅದು ಮಾತನಾಡೀತು.

ಕಾಗದಪತ್ರದ ಮಾತು ಬಂದುದರಿಂದ ಇನ್ನೊಂದನ್ನೂ ಹೇಳಿಬಿಡುತ್ತೇನೆ. ಕೇರಳದ 1969ರ ಆಡಳಿತ ಭಾಷಾ ಶಾಸನದಂತೆ ಇಲ್ಲಿನ ಕನ್ನಡ ಭಾಷಾ ಅಲ್ಪಸಂಖ್ಯಾತರು, ಭಾಷಾ ಅಲ್ಪಸಂಖ್ಯಾತ ಪ್ರದೇಶಗಳೆಂದು ಘೋಷಿತವಾದಲ್ಲಿನ ಸರಕಾರಿ ಕಚೇರಿಗಳೊಡನೆ ಕನ್ನಡದಲ್ಲಿ ಪತ್ರವ್ಯವಹಾರ ನಡೆಸಬಹುದು. ಉತ್ತರವೂ ಕನ್ನಡದಲ್ಲಿ ಬರಬೇಕು. ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಲಭ್ಯ ಕಲ್ಪಿಸಬೇಕೆನ್ನುತ್ತದೆ. ಭಿನ್ನಸಾಮರ್ಥ್ಯದ ಮಗುವಿಗೆ ಇದು ಅನ್ವಯಿಸದೆಂದು ಅಲ್ಲಿ ಎಲ್ಲಿಯೂ ಇಲ್ಲ. ಕನ್ನಡಕ್ಕಾಗಿ ಇಷ್ಟು ಹೋರಾಡಿದ ನಾವು ಆ ಹೋರಾಟದ ಪಟ್ಟಿಯಲ್ಲಿ ಈ ಮಕ್ಕಳನ್ನು ಎಂದಾದರೂ ಸೇರಿಸಿದ್ದೇವೆಯೇ? ಪಾಠಪುಸ್ತಕ ತಡವಾದರೆ ಮನವಿ ಕೊಡುತ್ತೇವೆ. ಕನ್ನಡ ತಿಳಿಯದವರನ್ನು ಕನ್ನಡ ತರಗತಿಗೆ ನೇಮಿಸಿದರೆ ಪ್ರತಿಭಟಿಸುತ್ತೇವೆ, ಪ್ರತಿಭಟಿಸಲೇಬೇಕು. ಆದರೆ ಕನ್ನಡ, ತುಳು ಬಲ್ಲ ವಿಶೇಷ ಅಧ್ಯಾಪಕರು ಬೇಕೆಂದು, ವಾಕ್‌ಚಿಕಿತ್ಸಕರು ಬೇಕೆಂದು ನಮ್ಮ ಯಾವ ಮನವಿಯಲ್ಲಿ ಬರೆದಿದೆ?

ಭಾಷೆಯ ಬಗ್ಗೆ ಮನೆಯವರಿಗೆ ದೊರೆಯುವ ಒಂದು ಸಲಹೆಯನ್ನು ಕುರಿತು ಇಲ್ಲಿ ಸ್ವಲ್ಪ ನಿಲ್ಲಬೇಕಾಗಿದೆ. “ಮಗುವಿಗೆ ಗೊಂದಲವಾಗುತ್ತದೆ, ಮನೆಯಲ್ಲಿ ಒಂದೇ ಭಾಷೆ ಮಾತನಾಡಿ” ಎಂದು ಹೇಳುವವರು ಆಸ್ಪತ್ರೆಯಲ್ಲಿಯೂ ಇದ್ದಾರೆ, ನಮ್ಮ ಶಾಲೆಗಳಲ್ಲಿಯೂ ಇದ್ದಾರೆ. ಆ ಒಂದು ಭಾಷೆ ಹೆಚ್ಚಾಗಿ ಚಿಕಿತ್ಸಕರಿಗೆ ಬರುವ ಭಾಷೆ, ಅಥವಾ ಶಾಲೆಯ ಭಾಷೆ. ಡೌನ್ ಸಿಂಡ್ರೋಮ್ ಇರುವ ಮಕ್ಕಳ ಮೇಲೆ ಹೊರದೇಶಗಳಲ್ಲಿ ನಡೆದ ಅಧ್ಯಯನಗಳಲ್ಲಿ, ಎರಡು ಭಾಷೆಗಳ ನಡುವೆ ಬೆಳೆದ ಮಕ್ಕಳು ಅದೇ ಸ್ಥಿತಿಯ ಏಕಭಾಷಿಕ ಮಕ್ಕಳಿಗಿಂತ ಹಿಂದುಳಿದದ್ದು ಕಂಡುಬಂದಿಲ್ಲ. ಸಲಹೆಯ ಪರಿಣಾಮವನ್ನು ಮನೆಯಲ್ಲಿ ನೋಡಬೇಕು. ನಾನು ಬಲ್ಲ ಒಂದು ಮನೆಯಲ್ಲಿ ತಾಯಿ ತನಗೆ ಸರಿಯಾಗಿ ಬಾರದ ಮಲಯಾಳದಲ್ಲಿ ಮಗನೊಡನೆ ಮಾತನಾಡತೊಡಗಿದರು. ಬಾರದ ಭಾಷೆಯಾದ್ದರಿಂದ ‘ಬಾ, ಹೋಗು, ಊಟ ಮಾಡು’ ಎಂಬಷ್ಟಕ್ಕೆ ಮಾತು ನಿಂತಿತು. ಕಥೆಯಿಲ್ಲ, ಮುದ್ದಿಲ್ಲ, ಬೈಗುಳವೂ ಇಲ್ಲ. ಅಜ್ಜಿಗಂತೂ ಮೊಮ್ಮಗನೊಡನೆ ಮಾತೇ ನಿಷಿದ್ಧವಾಯಿತು. ದಿನವಿಡೀ ಅವನ ಜೊತೆಗಿದ್ದ ಒಂದೇ ಜೀವ ಅವರು. ಮನೆಯವರು ತಮಗೆ ಸಹಜವಾದ ಭಾಷೆಯಲ್ಲಿಯೇ ಮಗುವಿನೊಡನೆ ಹೇರಳವಾಗಿ ಮಾತನಾಡಲಿ. ಶಾಲೆಯ ಕನ್ನಡವನ್ನು ಅದರ ಪಕ್ಕಕ್ಕೆ ಇಡುವುದು ನಮ್ಮ ಕೆಲಸ. ತುಳುವಿನ ಹತ್ತು ಸೂಚನೆಗಳನ್ನು ನಾವು ಕಲಿಯುವುದು, ಮಗು ಕನ್ನಡದ ಹತ್ತನ್ನು ಕಲಿಯುವುದಕ್ಕಿಂತ ಸುಲಭ. ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ, ಮಂಗಳೂರಿನ ಆಸ್ಪತ್ರೆಗಳಿಗೆ ನಮ್ಮ ಜನ ಅಷ್ಟು ದೂರ ಪ್ರಯಾಣ ಮಾಡುವುದು ಅಲ್ಲಿನ ಪರಿಣತಿಗಾಗಿ ಮಾತ್ರವೆಂದು ನಾನು ಭಾವಿಸುವುದಿಲ್ಲ. ಅಲ್ಲಿ ತಮ್ಮ ಮಾತು ನಡೆಯುತ್ತದೆ ಎಂಬುದೂ ಒಂದು ಕಾರಣ.

ನಮ್ಮ ಜಿಲ್ಲೆಯಲ್ಲಿ ಈ ವಿಷಯವನ್ನು ಎತ್ತಿದಾಗ ಎಂಡೋಸಲ್ಫಾನಿನ ನೆನಪಾಗದೆ ಇರುವುದಿಲ್ಲ. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎರಡು ದಶಕಗಳಿಗೂ ಹೆಚ್ಚು ಕಾಲ ಸುರಿದ ಆ ವಿಷ 2000ದಲ್ಲಿ ನಿಂತಿತು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ದೇಶದಲ್ಲಿ ಅದನ್ನು ತಡೆಯಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಆದೇಶಿಸಿತು. ಎಣ್ಮಕಜೆಯ ಪಡ್ರೆ, ಸ್ವರ್ಗ ಪ್ರದೇಶದ ಸಂಕಟ ಹೊರಜಗತ್ತಿಗೆ ತಿಳಿದ ಬಗೆಯನ್ನು ಅಧ್ಯಾಪಕರು ನೆನಪಿಡಬೇಕು. ಅಲ್ಲಿನ ವೈದ್ಯ ಡಾ. ವೈ.ಎಸ್. ಮೋಹನಕುಮಾರರು ತಮ್ಮಲ್ಲಿಗೆ ಬಂದ ಮನೆಗಳ ಮಾತನ್ನು ವರ್ಷಗಟ್ಟಲೆ ಕೇಳಿಸಿಕೊಂಡರು. ಪತ್ರಕರ್ತ ಶ್ರೀ ಪಡ್ರೆಯವರು ಬರೆದರು. ದೊಡ್ಡ ಸಂಸ್ಥೆಗಳ ಅಧ್ಯಯನಗಳೆಲ್ಲ ಆಮೇಲೆ ಬಂದವು. ಆದರೆ ಅದರ ಇನ್ನೊಂದು ಮುಖವೂ ಇದೆ. ಕ್ಯಾಮೆರಾ ಹಿಡಿದು ಬಂದವರನ್ನು ಕಂಡು ಕಂಡು ಬೇಸತ್ತ ಮನೆಗಳು ಅಲ್ಲಿವೆ. ಅಂತಹ ಮನೆಗೆ ಹೋಗುವಾಗ ಮೊಬೈಲನ್ನು ಚೀಲದಲ್ಲಿ ಇಟ್ಟೇ ಹೋಗಿರಿ. ಪ್ರತಿಯೊಂದು ಮಗುವಿನ ಸ್ಥಿತಿಗೂ ಕಾರಣ ಅದೇ ಎಂದೂ, ಅದಲ್ಲವೇ ಅಲ್ಲ ಎಂದೂ ತೀರ್ಪು ಕೊಡಲು ಹೋಗಬೇಡಿರಿ. ವರ್ಣತಂತುವಿನ ವ್ಯತ್ಯಾಸ, ಹೆರಿಗೆಯ ವೇಳೆ ಉಸಿರುಗಟ್ಟುವುದು, ಹುಟ್ಟಿನಿಂದಲೇ ಇರುವ ಥೈರಾಯ್ಡ್ ಕೊರತೆ ಹೀಗೆ ಕಾರಣಗಳು ಹಲವು. ಎಷ್ಟೋ ಮಕ್ಕಳಲ್ಲಿ ಕಾರಣ ತಿಳಿಯುವುದೇ ಇಲ್ಲ.

ಕಾರಣ ತಿಳಿಯದ ಕಡೆ ಕಾರಣ ಹುಡುಕುವ ಹೊರೆ ತಾಯಿಯ ತಲೆಗೆ ಬೀಳುತ್ತದೆ. ಗರ್ಭಿಣಿಯಾಗಿದ್ದಾಗ ಏನು ತಿಂದಳು, ಗ್ರಹಣದ ದಿನ ಎಲ್ಲಿ ಹೋದಳು, ಯಾವ ನಾಗನ ಕಟ್ಟೆಯ ದೋಷ, ಯಾವ ದೈವದ ಹರಕೆ ಬಾಕಿ! ಪ್ರಶ್ನೆ ಇಡಿಸುತ್ತಾರೆ, ಪರಿಹಾರ ಮಾಡಿಸುತ್ತಾರೆ. ಇದನ್ನು ಕಂಡು ನಗುವ ಅಧ್ಯಾಪಕರೂ ಇದ್ದಾರೆ. ನಗಬೇಡಿರಿ. ಎಲ್ಲ ಬಾಗಿಲನ್ನೂ ತಟ್ಟುವವರು ಶಾಲೆಯ ಬಾಗಿಲನ್ನೂ ತಟ್ಟಿಯಾರು. ಆದರೆ ಪರಿಹಾರದ ಹೆಸರಿನಲ್ಲಿ ಮೂರ್ಛೆಯ ಮಾತ್ರೆಯನ್ನು ನಿಲ್ಲಿಸಿದರೆಂದು ತಿಳಿದರೆ ಆ ದಿನವೇ ಆಶಾ ಕಾರ್ಯಕರ್ತೆಗೆ ಹೇಳಿ ವೈದ್ಯರ ಬಳಿಗೆ ಕಳುಹಿಸಿರಿ. ಅದರಲ್ಲಿ ಮುಲಾಜು ಬೇಡ.

ಈ ತಾಯಂದಿರ ದಿನಚರಿಯನ್ನು ನಾವು ನೋಡಿರುವುದಿಲ್ಲ. ನಮ್ಮ ಕಡೆ ಬೀಡಿ ಕಟ್ಟಿ, ಉದ್ಯೋಗ ಖಾತ್ರಿಯ ಕೆಲಸಕ್ಕೆ ಹೋಗಿ ಸಂಸಾರ ತೂಗಿಸುವವರು ಬಹಳ. ಮಗುವಿಗೆ ಶೌಚದ ನಿಯಂತ್ರಣವಿಲ್ಲದಿದ್ದರೆ ಹೊರಗಿನ ದುಡಿಮೆ ನಿಲ್ಲುತ್ತದೆ. ಬೀಡಿಯ ಎಣಿಕೆ ಇಳಿಯುತ್ತದೆ. ಇಂತಹವರಿಗೆಂದು ಕೇರಳ ಸರಕಾರದ ‘ಆಶ್ವಾಸಕಿರಣಂ’ ಯೋಜನೆ ಇದೆ. ಅದರ ಮೊತ್ತ ಹಲವು ವರ್ಷ ತಿಂಗಳಿಗೆ 600 ರೂಪಾಯಿಯಲ್ಲಿಯೇ ನಿಂತಿತ್ತು. ಆ ಹಣ ಕೈಸೇರಲು ತಿಂಗಳುಗಟ್ಟಲೆ ಕಾದವರನ್ನು ನಾನು ಬಲ್ಲೆ. ಅದಿರಲಿ. “ನೀವು ಮಗುವಿನ ಜೊತೆ ದಿನವೂ ಶಾಲೆಯಲ್ಲಿ ಕುಳಿತುಕೊಳ್ಳಬೇಕು” ಎಂದು ನಾವು ಸುಲಭವಾಗಿ ಹೇಳುತ್ತೇವಲ್ಲ, ಆ ಮಾತಿನ ಬೆಲೆ ಒಂದು ದಿನದ ಕೂಲಿ ಎಂಬುದು ನಮಗೆ ತಿಳಿದಿರಬೇಕು. ರಕ್ಷಕ-ಶಿಕ್ಷಕ ಸಂಘದ ಸಭೆಗೆ ಅವರು ಬರುವುದಿಲ್ಲವೆಂದು ದೂರುವ ಮೊದಲು, ಸಭೆ ನಡೆಯುವ ಎರಡು ಗಂಟೆ ಮಗುವನ್ನು ಯಾರು ನೋಡಿಕೊಳ್ಳುತ್ತಾರೆಂದು ಕೇಳಿ ನೋಡಿ.

ಅಕ್ಕತಂಗಿಯರ ಮಾತು ಬೇರೆಯೇ. ನಿಮ್ಮ ಹಾಜರಿ ಪುಸ್ತಕದಲ್ಲಿ ಸೋಮವಾರವೂ ಶುಕ್ರವಾರವೂ ಗೈರಾಗುವ ಐದನೆಯ ತರಗತಿಯ ಹುಡುಗಿಯೊಬ್ಬಳು ಇದ್ದರೆ, ಅವಳ ತಮ್ಮನ ಬಗ್ಗೆ ವಿಚಾರಿಸಿರಿ. ತಾಯಿ ಕೆಲಸಕ್ಕೆ ಹೋಗುವ ದಿನ ಮನೆಯಲ್ಲಿ ನಿಲ್ಲುವವಳು ಅವಳು. ಶಾಲೆಯಲ್ಲಿಯೂ ತಮ್ಮ ಒದ್ದೆ ಮಾಡಿಕೊಂಡರೆ ನಾವು ಮೊದಲು ಕೂಗುವುದು ಅವಳನ್ನೇ. ಪಾಠದ ನಡುವೆ ಎದ್ದು, ಗೆಳತಿಯರ ಮುಂದೆ ತಲೆ ತಗ್ಗಿಸಿ ಅವಳು ಹೋಗುತ್ತಾಳೆ. ಇದನ್ನು ಇಂದಿನಿಂದ ನಿಲ್ಲಿಸಬಹುದು. ಯಾವ ಸುತ್ತೋಲೆಯೂ ಬೇಡ.

ತರಗತಿಯ ಒಳಗಿನ ವಿಷಯ ನಾಳೆಗಿದೆಯೆಂದೆ, ಒಂದೇ ಮಾತು. ಐದು ವರ್ಷ ಬಣ್ಣ ಹಚ್ಚಿಸಿ ಕಳುಹಿಸಬೇಡಿರಿ. ಉಳಿದವರು ಪೇಟೆಯ ಪಾಠ ಕಲಿಯುವಾಗ ಅವನು ತರಕಾರಿಗಳನ್ನು ಹೆಸರಿಸಲಿ, ಚೀಲಕ್ಕೆ ಮೂರು ಎಣಿಸಿ ಹಾಕಲಿ. ಪಾಠ ಒಂದೇ ಇರಲಿ, ಮೆಟ್ಟಿಲು ಬೇರೆಯಾಗಲಿ. ಯಾವ ಮೆಟ್ಟಿಲೆಂದು ತಿಳಿಯದಿದ್ದರೆ ಮನೆಯವರನ್ನು ಕೇಳಿರಿ. ಅಡಿಕೆ ವಿಂಗಡಿಸುವ ಅಜ್ಜಿಯನ್ನು ನಾನು ಕೇಳಿದ್ದರೆ ಮಣಿಗಳ ಬದಲು ಏನು ಕೊಡಬೇಕೆಂದು ಆಗಲೇ ತಿಳಿಯುತ್ತಿತ್ತು.

ಪಂಚಾಯತುಗಳು ನಡೆಸುವ ಬಡ್ಸ್ ಶಾಲೆಗಳ ಬಗ್ಗೆ ನನ್ನ ಅಭಿಪ್ರಾಯ ಕೇಳುವವರಿದ್ದಾರೆ. ಹೆಚ್ಚಿನ ಆರೈಕೆ ಬೇಕಾದ ಮಕ್ಕಳಿಗೆ ಅವು ದೊಡ್ಡ ಆಸರೆ. ಅಲ್ಲಿನ ಅಧ್ಯಾಪಿಕೆಯರ, ಆಯಾಗಳ ತಾಳ್ಮೆಗೆ ನಾನು ತಲೆಬಾಗುತ್ತೇನೆ. ಮನೆಯವರು ಎರಡನ್ನೂ ನೋಡಿ ಆರಿಸಲಿ. ನಮಗೆ ತೊಂದರೆಯಾಗುತ್ತದೆಂಬ ಕಾರಣಕ್ಕೆ ನಾವು ಅತ್ತ ತಳ್ಳುವುದು ಮಾತ್ರ ಆಯ್ಕೆಯಲ್ಲ.

ಮನೆಯವರ ಎದೆಯಲ್ಲಿರುವ ಕೊನೆಯ ಪ್ರಶ್ನೆಯನ್ನು ಅವರು ಮೊದಲ ಭೇಟಿಯಲ್ಲಿ ಹೇಳುವುದಿಲ್ಲ, ಮೂರನೆಯದರಲ್ಲಿ, ಹೊರಡುವ ಹೊತ್ತಿಗೆ, ಮೆಟ್ಟಿಲ ಬಳಿ ನಿಂತು ಕೇಳುತ್ತಾರೆ: “ನಾವು ಹೋದ ಮೇಲೆ ಇವನನ್ನು ಯಾರು ನೋಡ್ತಾರೆ?” ಇದಕ್ಕೆ ಪೂರ್ಣ ಉತ್ತರ ನನ್ನ ಬಳಿಯಿಲ್ಲ. ಒಂದು ತುಂಡು ಉತ್ತರವಿದೆ. 1999ರ ರಾಷ್ಟ್ರೀಯ ನ್ಯಾಸ ಅಧಿನಿಯಮದಂತೆ ಬೌದ್ಧಿಕ ಭಿನ್ನಸಾಮರ್ಥ್ಯ, ಆಟಿಸಂ, ಸೆರೆಬ್ರಲ್ ಪಾಲ್ಸಿ, ಬಹುವಿಧ ಭಿನ್ನಸಾಮರ್ಥ್ಯ ಉಳ್ಳವರಿಗೆ 18 ವರ್ಷ ತುಂಬಿದ ಮೇಲೆ ಕಾನೂನುಬದ್ಧ ಪಾಲಕರನ್ನು ನೇಮಿಸಬಹುದು. ಜಿಲ್ಲಾಧಿಕಾರಿಗಳಿರುವ ಸ್ಥಳೀಯ ಸಮಿತಿಗೆ ಅರ್ಜಿ ಸಲ್ಲಿಸಬೇಕು. ತಂದೆತಾಯಿಗಳು 18ರ ಅನಂತರವೂ ತಾವೇ ತಾವಾಗಿ ಪಾಲಕರಾಗಿ ಮುಂದುವರಿಯುತ್ತೇವೆಂದು ನಂಬಿರುತ್ತಾರೆ. ಬ್ಯಾಂಕಿನ ಕಿಟಕಿಯಲ್ಲಿ ಹಾಗಲ್ಲವೆಂದು ತಿಳಿಯುತ್ತದೆ. ಅದೇ ನ್ಯಾಸದ ‘ನಿರಾಮಯ’ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಚಿಕಿತ್ಸಾ ವೆಚ್ಚಕ್ಕೆ ಅವಕಾಶವಿದೆ. ಈ ಎರಡು ಹೆಸರುಗಳನ್ನು ಒಂದು ಚೀಟಿಯಲ್ಲಿ ಕನ್ನಡದಲ್ಲಿ ಬರೆದು ಮನೆಯವರ ಕೈಗೆ ಕೊಡುವುದು ನಮ್ಮಿಂದ ಆಗದ ಕೆಲಸವೇನೂ ಅಲ್ಲ.

ಮಧ್ಯಾಹ್ನದ ಊಟದ ಬಳಿಕ ಎರಡು ಗಂಟೆಗೆ ಮತ್ತೆ ಸೇರೋಣ. ನಿಮ್ಮ ತರಗತಿಯ ಒಂದು ಮಗುವನ್ನು ಮನಸ್ಸಿನಲ್ಲಿಟ್ಟು, ನಾನು ಹೇಳಿದ ಒಂದು ಪುಟದ ಬರಹವನ್ನು ಇಲ್ಲಿಯೇ ಬರೆಯಲು ಪ್ರಯತ್ನಿಸಬೇಕು. ಮಗುವಿನ ಹೆಸರು ಬೇಡ. ಬರೆಯುತ್ತಿರುವಾಗ ಎಲ್ಲಿ ನಿಮಗೆ ಉತ್ತರ ತಿಳಿಯುವುದಿಲ್ಲವೋ ಅಲ್ಲಿ ಊಹಿಸಿ ತುಂಬಿಸದೆ ಜಾಗ ಬಿಡಿರಿ. ಆ ಖಾಲಿ ಜಾಗಗಳನ್ನು ಹಿಡಿದುಕೊಂಡು ಶಾಲೆ ತೆರೆದ ಮೊದಲ ವಾರದಲ್ಲಿ ಆ ಮನೆಗೆ ಹೋಗುವುದಿದೆ.